ವಿಮಾನ ನಿಲ್ದಾಣದ ನೊರೆ, ಊರಿನ ನೀರು: ಬೆಂಕಿ ಆರಿ ವರ್ಷಗಳಾದ್ರೂ ಹಳ್ಳದಲ್ಲಿ ಉಳಿಯೋ ರಾಸಾಯನಿಕ

ಅಗ್ನಿಶಾಮಕ ನೊರೆಯಲ್ಲಿರೋ 'ಪೀಫಾಸ್' ಎಂದರೇನು? ಅದು ಮೀನು, ಮೊಟ್ಟೆ, ಸೈಟಿನ ರೇಟಿನವರೆಗೆ ಬಂದಿದ್ದು ಹೇಗೆ? ಪೂರ್ತಿ ವಿವರ ಇಲ್ಲಿದೆ.

ವಿಮಾನ ನಿಲ್ದಾಣ ಬರುತ್ತೆ ಅನ್ನೋ ಸುದ್ದಿ ಹಬ್ಬಿದ್ರೆ ಸಾಕು, ಸುತ್ತಮುತ್ತಲ ಹತ್ತು ಹಳ್ಳಿಯ ಜಮೀನಿನ ರೇಟು ಏರುತ್ತೆ. ಎಕರೆ ಲೆಕ್ಕದಲ್ಲಿ ಮಾತಾಡ್ತಿದ್ದವರು ಚದರಡಿ ಲೆಕ್ಕಕ್ಕೆ ಬರ್ತಾರೆ. ರಸ್ತೆ ಬದಿಯಲ್ಲಿ ಹೋಟೆಲು, ಲಾಡ್ಜು, ಟೀ ಅಂಗಡಿ ಏಳುತ್ತವೆ. ಆದ್ರೆ ಆಸ್ಟ್ರೇಲಿಯಾದ ವಿಲಿಯಂಟೌನ್ ಅನ್ನೋ ಊರಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಇದು ಉಲ್ಟಾ ಆಯ್ತು.

ಸಿಡ್ನಿಯಿಂದ ಉತ್ತರಕ್ಕೆ, ನ್ಯೂಕ್ಯಾಸಲ್ ನಗರದ ಪಕ್ಕದಲ್ಲಿರೋ ಊರು ಅದು. ಅಲ್ಲಿ ವಾಯುಪಡೆಯ ನೆಲೆ ಇದೆ, ಅದೇ ರನ್‌ವೇಯನ್ನು ನ್ಯೂಕ್ಯಾಸಲ್ ನಾಗರಿಕ ವಿಮಾನ ನಿಲ್ದಾಣವೂ ಬಳಸುತ್ತೆ. ಸುತ್ತ ಸಮತಟ್ಟಾದ ಮರಳು ನೆಲ. ಸ್ವಲ್ಪ ಆಳಕ್ಕೆ ಹೋದ್ರೆ ನೀರು ಸಿಗುತ್ತೆ. ಮನೆಮನೆಗೆ ಬೋರ್‌ವೆಲ್, ಹಿತ್ತಲಲ್ಲಿ ಕೋಳಿ, ತರಕಾರಿ, ಹತ್ತಿರದ ಹಿನ್ನೀರಿನಲ್ಲಿ ಮೀನು, ಸಿಗಡಿ. ಒಂದು ದಿನ ಸರ್ಕಾರದಿಂದ ಸೂಚನೆ ಬಂತು: ಬೋರ್‌ವೆಲ್ ನೀರು ಕುಡಿಯಬೇಡಿ, ಹಿತ್ತಲ ಕೋಳಿಯ ಮೊಟ್ಟೆ ತಿನ್ನಬೇಡಿ, ಬೋರ್ ನೀರು ಕುಡಿದ ದನದ ಹಾಲು ಬೇಡ, ಇಲ್ಲಿ ಹಿಡಿದ ಮೀನೂ ಬೇಡ. ಟಿಲ್ಲಿಗೆರಿ ಹಳ್ಳ ಮತ್ತು ಫುಲರ್ಟನ್ ಕೋವ್ ಹಿನ್ನೀರಿನಲ್ಲಿ ಮೀನುಗಾರಿಕೆ ಬಂದ್ ಆಯ್ತು. ಆ ನೀರನ್ನೇ ನಂಬಿದ್ದ ಮೀನುಗಾರರು ಸುಮಾರು ಒಂದು ವರ್ಷ ಅಲ್ಲಿ ಬಲೆ ಹಾಕುವಂತಿರಲಿಲ್ಲ.

ನೀರಿನ ಬಣ್ಣ ಬದಲಾಗಿರಲಿಲ್ಲ, ವಾಸನೆ ಇರಲಿಲ್ಲ, ಮೀನು ಸತ್ತು ತೇಲಿರಲಿಲ್ಲ. ಊರಿನವರ ಕಣ್ಣಿಗೆ ಎಲ್ಲವೂ ನಿನ್ನೆಯ ಹಾಗೇ ಇತ್ತು. ತೊಂದರೆ ಬಂದಿದ್ದು ವಾಯುನೆಲೆಯಲ್ಲಿ ದಶಕಗಳ ಕಾಲ ಸಿಂಪಡಿಸಿದ ಅಗ್ನಿಶಾಮಕ ನೊರೆಯಿಂದ.

ನೀರು ಸಾಲಲ್ವಾ, ನೊರೆ ಯಾಕೆ?

ಒಲೆ ಮೇಲಿನ ಬಾಣಲೆಯಲ್ಲಿ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಎರಚಿದವರಿಗೆ ಉತ್ತರ ಗೊತ್ತು. ಬೆಂಕಿ ಆರೋದಿಲ್ಲ, ಇನ್ನೂ ಹಾರುತ್ತೆ. ವಿಮಾನದ ಇಂಧನವೂ ನೀರಿಗಿಂತ ಹಗುರ. ನೀರು ಹಾಕಿದ್ರೆ ನೀರು ಕೆಳಗೆ ಇಳಿಯುತ್ತೆ, ಇಂಧನ ಮೇಲೆ ತೇಲ್ತಾ ಉರಿಯುತ್ತೆ, ನೀರು ಹರಿದ ಕಡೆಗೆಲ್ಲ ಬೆಂಕಿಯೂ ಹರಿಯುತ್ತೆ.

ಇದಕ್ಕೆ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಮತ್ತು 3ಎಂ ಕಂಪನಿ ಸೇರಿ ಒಂದು ನೊರೆ ತಯಾರಿಸಿದವು. ಇಂಗ್ಲಿಷಿನಲ್ಲಿ ಅದನ್ನು ಚಿಕ್ಕದಾಗಿ 'ಎ ಟ್ರಿಪಲ್ ಎಫ್' ಅಂತಾರೆ. ಕ್ಯಾನಿನಲ್ಲಿ ಬರೋದು ಗಟ್ಟಿ ದ್ರವ. ನೂರು ಲೀಟರಿನಲ್ಲಿ ಮೂರೋ ಆರೋ ಲೀಟರ್ ಈ ದ್ರವ, ಮಿಕ್ಕಿದ್ದು ನೀರು. ಹೀಗೆ ಬೆರೆಸಿ ಪೈಪಿನಿಂದ ಹೊಡೆದ್ರೆ ನೊರೆ ಏಳುತ್ತೆ. ಆ ನೊರೆಯಿಂದ ಇಳಿಯೋ ನೀರು ಉರಿಯೋ ಇಂಧನದ ಮೇಲೆ ಕೂದಲೆಳೆಗಿಂತ ತೆಳು ಪದರವಾಗಿ ಹರಡಿಕೊಳ್ಳುತ್ತೆ. ಇಂಧನಕ್ಕೆ ಗಾಳಿ ಸಿಗಲ್ಲ, ಆವಿ ಮೇಲೇಳಲ್ಲ, ಬೆಂಕಿ ಸೆಕೆಂಡುಗಳಲ್ಲಿ ಕುಗ್ಗುತ್ತೆ. 1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ಅನ್ನೋ ಯುದ್ಧನೌಕೆಯ ಮೇಲೆ ವಿಮಾನ ಇಂಧನಕ್ಕೆ ಬೆಂಕಿ ಬಿದ್ದು 134 ಜನ ಸತ್ತ ಮೇಲೆ ಈ ನೊರೆಗೆ ಬೇಡಿಕೆ ಹೆಚ್ಚಿತು. ಆಮೇಲೆ ಲೋಕದ ವಿಮಾನ ನಿಲ್ದಾಣಗಳಿಗೆಲ್ಲ ಹಬ್ಬಿತು.

ಈ ನೊರೆ ಕಂಡುಹಿಡಿದಿದ್ದೇ ತಪ್ಪು ಅನ್ನೋ ಹಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿದ ವಿಮಾನವನ್ನು ಕರ್ನಾಟಕದವರು ಮರೆತಿಲ್ಲ. ಒಳಗಿದ್ದ 166 ಜನರಲ್ಲಿ ಬದುಕಿದ್ದು 8 ಮಂದಿ. ವಿಮಾನ ಹೊತ್ತಿಕೊಂಡರೆ ಒಳಗಿದ್ದವರಿಗೆ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಬೆಂಕಿ ಆರಿಸೋ ವಸ್ತು ನಿಲ್ದಾಣದಲ್ಲಿ ಇರಲೇಬೇಕು. ಪ್ರಶ್ನೆ ಇರೋದು ಆ ನೊರೆಯೊಳಗೆ ಏನಿದೆ, ಬೆಂಕಿ ಆರಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿ.

ಫ್ಲೋರೈಡ್ ಬೇರೆ, ಇದು ಬೇರೆ

ಹಳೇ ನೊರೆಯ ಶಕ್ತಿ ಇದ್ದದ್ದು ಪಿಎಫ್‌ಎಎಸ್ ಅನ್ನೋ ರಾಸಾಯನಿಕ ಗುಂಪಿನಲ್ಲಿ. ಬಾಯಿಮಾತಿನಲ್ಲಿ ಪೀಫಾಸ್. ಸಾವಿರಾರು ರಾಸಾಯನಿಕಗಳ ದೊಡ್ಡ ಕುಟುಂಬ ಇದು. ಎಲ್ಲದರಲ್ಲೂ ಇಂಗಾಲದ ಸರಪಳಿಗೆ ಫ್ಲೋರಿನ್ ಅಂಟಿಕೊಂಡಿರುತ್ತೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಗಂಟು ರಸಾಯನಶಾಸ್ತ್ರದಲ್ಲೇ ಅತಿ ಗಟ್ಟಿ ಗಂಟುಗಳಲ್ಲಿ ಒಂದು. ಬಿಸಿಲು ಅದನ್ನು ಬಿಚ್ಚಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಆಗಲ್ಲ. ಸಗಣಿ, ಎಲೆ, ಬಟ್ಟೆ ಎಲ್ಲವನ್ನೂ ಕೊಳೆಸೋ ನೆಲ ಇದರ ಮುಂದೆ ಸೋಲುತ್ತೆ. ಹಾಗಾಗಿ ಇದಕ್ಕೆ 'ಶಾಶ್ವತ ರಾಸಾಯನಿಕ' ಅನ್ನೋ ಹೆಸರು ಬಿದ್ದಿದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಿಗೆ ಫ್ಲೋರಿನ್ ಅಂದ ಕೂಡಲೇ ಬೋರ್‌ವೆಲ್ ನೀರಿನ ಫ್ಲೋರೈಡ್ ನೆನಪಾಗುತ್ತೆ. ಹಲ್ಲು ಹಳದಿ, ಮೂಳೆ ನೋವು. ಎರಡನ್ನೂ ಒಂದೇ ಅಂತ ತಿಳಿಯಬಾರದು. ಫ್ಲೋರೈಡ್ ಬಂಡೆಯಿಂದ ನೀರಿಗೆ ಇಳಿಯೋ ಸಹಜ ಲವಣ. ಪೀಫಾಸ್ ಕಾರ್ಖಾನೆಯಲ್ಲಿ ಮನುಷ್ಯ ಮಾಡಿದ್ದು. ಬೋರ್‌ವೆಲ್ ನೀರಿಗೆ ಮಾಡಿಸೋ ಫ್ಲೋರೈಡ್ ಟೆಸ್ಟ್‌ನಲ್ಲಿ ಪೀಫಾಸ್ ಸಿಗಲ್ಲ. ಅದಕ್ಕೆ ಬೇರೆಯೇ ಯಂತ್ರ, ಬೇರೆಯೇ ಪರೀಕ್ಷೆ ಬೇಕು.

ಇನ್ನೊಂದು ಗೊಂದಲ ಕೆರೆಯ ನೊರೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ರಸ್ತೆಗೆ ಹಾರಿದ ಬಿಳಿ ನೊರೆ ಮುಖ್ಯವಾಗಿ ಚರಂಡಿ ನೀರಿನ ಜೊತೆ ಬಂದ ಸೋಪು, ಡಿಟರ್ಜೆಂಟಿನದು. ನೊರೆ ಕಂಡಲ್ಲೆಲ್ಲ ಪೀಫಾಸ್ ಇದೆ ಅಂತಲ್ಲ. ನೊರೆ ಕಾಣದ ತಿಳಿನೀರಿನಲ್ಲಿ ಪೀಫಾಸ್ ಇಲ್ಲ ಅಂತಲೂ ಅಲ್ಲ. ವಿಲಿಯಂಟೌನ್‌ನ ನೀರು ತಿಳಿಯಾಗೇ ಇತ್ತು.

ಬೆಂಕಿಗಿಂತ ತರಬೇತಿಯೇ ಹೆಚ್ಚು

ವಿಮಾನ ಅಪಘಾತ ದಿನಾ ಆಗಲ್ಲ. ಹಾಗಾದ್ರೆ ಇಷ್ಟೊಂದು ನೊರೆ ನೆಲಕ್ಕೆ ಬಿದ್ದದ್ದು ಹೇಗೆ? ಉತ್ತರ ತರಬೇತಿ.

ಅಗ್ನಿಶಾಮಕ ಸಿಬ್ಬಂದಿ ಕೈ ಪಳಗಬೇಕಾದ್ರೆ ನಿಜವಾದ ಬೆಂಕಿ ಬೇಕು. ನಿಲ್ದಾಣದ ಒಂದು ಮೂಲೆಯಲ್ಲಿ ಗುಂಡಿ ತೋಡಿ, ಇಂಧನ ಸುರಿದು, ಹೊತ್ತಿಸಿ, ನೊರೆ ಹೊಡೆದು ಆರಿಸೋದು ರೂಢಿ. ಹಲವು ದೇಶಗಳಲ್ಲಿ ಇದು ದಶಕಗಳ ಕಾಲ ನಡೀತು. ಅದರ ಜೊತೆಗೆ ಗಾಡಿಯ ಪೈಪು ಸರಿ ಇದೆಯಾ ಅಂತ ನೋಡೋಕೆ ಹುಲ್ಲಿನ ಮೇಲೆ ನೊರೆ ಹಾರಿಸೋದು, ಟ್ಯಾಂಕ್ ತೊಳೆದ ನೀರನ್ನು ಚರಂಡಿಗೆ ಬಿಡೋದು. ಎಷ್ಟೋ ಕಡೆ ಗುಂಡಿಯ ತಳಕ್ಕೆ ಕಾಂಕ್ರೀಟ್ ಕೂಡ ಇರಲಿಲ್ಲ. ನೊರೆ ಒಣಗಿದ ಮೇಲೆ ನೆಲ ಶುಭ್ರವಾಗಿ ಕಾಣ್ತಿತ್ತು. ಸೋಪಿನ ನೀರಿನ ಹಾಗೆ ಇಂಗಿ ಹೋಯ್ತು ಅಂತ ಎಲ್ಲರೂ ಅಂದುಕೊಂಡ್ರು.

ಇಂಗಿದ್ದು ನಿಜ. ಹೋಗಿದ್ದು ಮಾತ್ರ ಸುಳ್ಳು. ಪೀಫಾಸ್ ಮಣ್ಣಿಗೆ ಸ್ವಲ್ಪ ಅಂಟಿಕೊಂಡು, ಸ್ವಲ್ಪ ನೀರಿನ ಜೊತೆ ಇಳಿಯುತ್ತೆ. ಪ್ರತಿ ಮಳೆಗೂ ಒಂದಿಷ್ಟು ಕರಗಿ ಚರಂಡಿ ಸೇರುತ್ತೆ. ರನ್‌ವೇ ಮೇಲೆ ನೀರು ನಿಲ್ಲಬಾರದು ಅಂತ ವಿಮಾನ ನಿಲ್ದಾಣದ ಚರಂಡಿ ವ್ಯವಸ್ಥೆ ಯಾವಾಗಲೂ ಚುರುಕಾಗಿರುತ್ತೆ. ಬಿದ್ದ ಮಳೆಯನ್ನು ಆದಷ್ಟು ಬೇಗ ಕಾಂಪೌಂಡಿನ ಆಚೆ ಕಳಿಸೋದೇ ಅದರ ಕೆಲಸ. ವಿಲಿಯಂಟೌನ್‌ನಲ್ಲಿ ನೆಲೆಯೊಳಗಿನ ಕಾಕ್ರನ್ ಕೆರೆ ಮತ್ತು ಎರಡು ದೊಡ್ಡ ಕಾಲುವೆಗಳು ಈ ಕೆಲಸ ಮಾಡಿದವು. ಡಾಸನ್ಸ್ ಕಾಲುವೆ ಫುಲರ್ಟನ್ ಕೋವ್ ಕಡೆಗೆ, ಮೂರ್ಸ್ ಕಾಲುವೆ ಟಿಲ್ಲಿಗೆರಿ ಹಳ್ಳದ ಕಡೆಗೆ. ಮೀನುಗಾರಿಕೆ ಬಂದ್ ಆದ ಎರಡೂ ಜಾಗ ಅವೇ.

ಆಸ್ಟ್ರೇಲಿಯಾದ ಸೇನೆ ಈ ಹಳೇ ನೊರೆಯನ್ನು 2004ರಿಂದ ಹಂತಹಂತವಾಗಿ ಬಿಡ್ತಾ ಬಂದಿತ್ತು. ಆದ್ರೂ 2015ರಲ್ಲಿ ಮೀನು ಹಿಡಿಯೋದು ನಿಂತಿತು. ನಲ್ಲಿ ನಿಲ್ಲಿಸಿದ ಮೇಲೂ ಕೆಳಗಿನ ಕೊಡ ತುಂಬ್ತಾನೇ ಇತ್ತು ಅನ್ನೋ ಹಾಗೆ.

ಒಂದು ದಿನದ ಎಡವಟ್ಟು, 153 ದಿನದ ಲೆಕ್ಕ

ತರಬೇತಿ ನಿಧಾನವಾಗಿ ಮಾಡೋದನ್ನು ಒಂದು ಯಂತ್ರದ ದೋಷ ಒಂದೇ ದಿನದಲ್ಲಿ ಮಾಡಬಲ್ಲದು. 2000ದ ಜೂನ್‌ನಲ್ಲಿ ಕೆನಡಾದ ಟೊರಾಂಟೊ ನಗರದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಬೆಂಕಿಯೇ ಇಲ್ಲದೆ 22,000 ಲೀಟರ್ ನೊರೆ ದ್ರವ ಆಕಸ್ಮಿಕವಾಗಿ ಹೊರಬಿತ್ತು. ಅದು ಹರಿದು ಸೇರಿದ್ದು ಎಟೋಬಿಕೋಕ್ ಹಳ್ಳವನ್ನು. ಆ ಹಳ್ಳ ಹೋಗಿ ಬೀಳೋದು ಒಂಟಾರಿಯೊ ಸರೋವರಕ್ಕೆ. ಲಕ್ಷಾಂತರ ಜನರಿಗೆ ಕುಡಿಯೋ ನೀರು ಕೊಡೋ ಸರೋವರ ಅದು.

ವಿಜ್ಞಾನಿಗಳು 153 ದಿನ ಆ ಹಳ್ಳದ ನೀರು ಮತ್ತು ಮೀನನ್ನು ಪರೀಕ್ಷೆ ಮಾಡಿದ್ರು. ಒಂದು ಹಂತದಲ್ಲಿ ಲೀಟರ್ ನೀರಿನಲ್ಲಿ 2,200 ಮೈಕ್ರೋಗ್ರಾಂಗೂ ಹೆಚ್ಚು ಪೀಫಾಸ್ ಸಿಕ್ಕಿತು. ನೀರಿನಲ್ಲಿ ಆಮೇಲೆ ಇಳೀತು, ಹರಿಯೋ ನೀರು ತಾನೇ, ಮುಂದೆ ಹೋಯ್ತು. ಆದ್ರೆ ಮೀನಿನ ಪಿತ್ತಜನಕಾಂಗದಲ್ಲಿ ಅದು ಕೂಡಿಟ್ಟುಕೊಂಡಿತ್ತು. ಹಳೇ ಕೀಟನಾಶಕ ಡಿಡಿಟಿ ಕೊಬ್ಬಿನಲ್ಲಿ ಕೂರುತ್ತೆ. ಪೀಫಾಸ್ ಹಾಗಲ್ಲ, ಅದು ರಕ್ತ ಮತ್ತು ಪಿತ್ತಜನಕಾಂಗದ ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ನೀರಿನಲ್ಲಿ ಇರೋದಕ್ಕಿಂತ ಸಾವಿರಾರು ಪಟ್ಟು ಮೀನಿನ ದೇಹದಲ್ಲಿ ಸೇರಬಹುದು. ಹಾಗಾಗಿ ಇಂಥ ಕಡೆ ನೀರಿನ ರಿಪೋರ್ಟ್ ಒಂದನ್ನೇ ನೋಡಿ ಮೀನು ಸುರಕ್ಷಿತ ಅನ್ನೋಕಾಗಲ್ಲ.

ಟೊರಾಂಟೊಗೆ ಹತ್ತಿರದಲ್ಲೇ ಹ್ಯಾಮಿಲ್ಟನ್ ವಿಮಾನ ನಿಲ್ದಾಣ ಇದೆ. ಅಲ್ಲಿ ನೊರೆ ತರಬೇತಿ 1990ರ ದಶಕದಲ್ಲೇ ನಿಂತಿತ್ತು. ಹೆಚ್ಚುಕಡಿಮೆ ಹದಿನೈದು ವರ್ಷ ಕಳೆದ ಮೇಲೆ ಕೆಳಹರಿವಿನ ವೆಲ್ಯಾಂಡ್ ನದಿ ಮತ್ತು ನಯಾಪೆಂಕೊ ಸರೋವರದ ಆಮೆಗಳ ರಕ್ತ ಪರೀಕ್ಷೆ ಮಾಡಿದಾಗ ಪೀಫಾಸ್ ಬೇರೆ ಕಡೆಯ ಆಮೆಗಳಿಗಿಂತ ತುಂಬಾ ಹೆಚ್ಚಿತ್ತು. ಜಾಡು ಹಿಡಿದು ಮೇಲಕ್ಕೆ ಹೋದ್ರೆ ಸಿಕ್ಕಿದ್ದು ಆ ಹಳೇ ತರಬೇತಿ ಜಾಗ. ಊರು ಮರೆತಿದ್ದನ್ನು ಆಮೆ ನೆನಪಿಟ್ಟುಕೊಂಡಿತ್ತು.

ಎಷ್ಟಿದ್ರೆ ಹೆಚ್ಚು?

ಇದರ ಲೆಕ್ಕ ಸಾಮಾನ್ಯ ಲೆಕ್ಕಕ್ಕೆ ಸಿಗಲ್ಲ. ಭಾರತದ ಕುಡಿಯೋ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ರೆ 1.5ರವರೆಗೆ ಸಹಿಸಬಹುದು. ಅಮೆರಿಕದ ಪರಿಸರ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪೀಫಾಸ್ ಕುಟುಂಬದ ಎರಡು ಮುಖ್ಯ ರಾಸಾಯನಿಕಗಳಿಗೆ, ಅಂದ್ರೆ ಪಿಎಫ್‌ಒಎಸ್ ಮತ್ತು ಪಿಎಫ್‌ಒಎಗೆ, ಹಾಕಿದ ಮಿತಿ ಲೀಟರಿಗೆ ತಲಾ 4 ನ್ಯಾನೊಗ್ರಾಂ. ಒಂದು ಮಿಲಿಗ್ರಾಂ ಅಂದ್ರೆ ಹತ್ತು ಲಕ್ಷ ನ್ಯಾನೊಗ್ರಾಂ.

ಟ್ಯಾಂಕರ್ ಲೆಕ್ಕದಲ್ಲಿ ಹೇಳಬೇಕಂದ್ರೆ, 12,000 ಲೀಟರಿನ ದೊಡ್ಡ ಟ್ಯಾಂಕರ್ ತುಂಬ ನೀರಿಗೆ ಒಂದು ಹರಳು ಪುಡಿ ಉಪ್ಪಿನಷ್ಟು ತೂಕದ ಪಿಎಫ್‌ಒಎಸ್ ಬಿದ್ರೂ ಹೆಚ್ಚುಕಡಿಮೆ ಆ ಮಿತಿ ಮುಟ್ಟಿದ ಹಾಗೆ. ಒಂದು ಚಿಟಿಕೆ ಅಲ್ಲ, ಒಂದೇ ಒಂದು ಹರಳು. ಟೊರಾಂಟೊ ಹಳ್ಳದಲ್ಲಿ ಸಿಕ್ಕಿದ 2,200 ಮೈಕ್ರೋಗ್ರಾಂ ಅಂದ್ರೆ ಲೀಟರಿಗೆ 22 ಲಕ್ಷ ನ್ಯಾನೊಗ್ರಾಂ. ಅದು ಕುಡಿಯೋ ನೀರಲ್ಲ ಅನ್ನೋದು ನಿಜ. ಆದ್ರೂ ಅಂತರ ಎಷ್ಟು ಅಂತ ಗೊತ್ತಾಗುತ್ತೆ.

ಯುರೋಪಿನ ಲೆಕ್ಕ ಬೇರೆ. ಅಲ್ಲಿ 20 ಬಗೆಯ ಪೀಫಾಸ್ ಒಟ್ಟು ಸೇರಿ ಲೀಟರಿಗೆ 100 ನ್ಯಾನೊಗ್ರಾಂ ದಾಟಬಾರದು ಅನ್ನೋ ನಿಯಮಕ್ಕೆ 2026ರ ಜನವರಿಯ ಗಡುವು ಇಡಲಾಗಿತ್ತು.

ದೇಹಕ್ಕೆ ಏನಾಗುತ್ತೆ?

ಸ್ವೀಡನ್ನಿನ ರೊನೆಬಿ ಪುರಸಭೆಯ ಕಾಲಿಂಗೆ ಊರಿನ ಕಥೆ ಇಲ್ಲಿ ಮುಖ್ಯ. ಅಲ್ಲೂ ವಾಯುನೆಲೆ, ಅಲ್ಲೂ ಅದೇ ರನ್‌ವೇ ಬಳಸೋ ನಾಗರಿಕ ನಿಲ್ದಾಣ, ಅಲ್ಲೂ ತರಬೇತಿ ನೊರೆ. ನೊರೆಯ ರಾಸಾಯನಿಕ ಅಂತರ್ಜಲ ಸೇರಿ, ಅಲ್ಲಿಂದ ಪುರಸಭೆ ನಲ್ಲಿಗೆ ಬಂದಿತ್ತು. 2013ರ ಡಿಸೆಂಬರ್‌ನಲ್ಲಿ ಪರೀಕ್ಷೆ ಮಾಡಿದಾಗ ಲೀಟರಿಗೆ 10,000 ನ್ಯಾನೊಗ್ರಾಂಗೂ ಹೆಚ್ಚು ಸಿಕ್ಕಿತು. ಆ ನೀರಿನ ಘಟಕವನ್ನು ಕೂಡಲೇ ಮುಚ್ಚಿದ್ರು. ಅಷ್ಟರಲ್ಲಿ ಪುರಸಭೆಯ ಸುಮಾರು ಮೂರನೇ ಒಂದು ಭಾಗ ಮನೆಗಳು ವರ್ಷಗಟ್ಟಲೆ ಅದೇ ನೀರು ಕುಡಿದಿದ್ದವು.

ನೀರು ಬದಲಾದ ಮೇಲೆ ಅಲ್ಲಿನ ಜನರ ರಕ್ತವನ್ನು ಸಂಶೋಧಕರು ಮತ್ತೆ ಮತ್ತೆ ಪರೀಕ್ಷೆ ಮಾಡಿದ್ರು. ರಕ್ತದಲ್ಲಿರೋ ಪಿಎಫ್‌ಒಎಸ್ ಅರ್ಧಕ್ಕೆ ಇಳಿಯೋಕೆ ಸರಾಸರಿ ಮೂರೂವರೆ ವರ್ಷ ಬೇಕು ಅಂತ ಗೊತ್ತಾಯ್ತು. ಉಳಿದ ಅರ್ಧದ ಅರ್ಧ ಇಳಿಯೋಕೆ ಇನ್ನೂ ಮೂರೂವರೆ ವರ್ಷ. ಅದೇ ಗುಂಪಿನ ಇನ್ನೊಂದು ರಾಸಾಯನಿಕಕ್ಕೆ ಐದು ವರ್ಷಕ್ಕೂ ಹೆಚ್ಚು. ಹೊಸದಾಗಿ ಒಂದು ತೊಟ್ಟೂ ಒಳಗೆ ಹೋಗದಿದ್ರೆ ಈ ಲೆಕ್ಕ.

ಇದನ್ನು ಕುಡಿದ ಕೂಡಲೇ ಯಾರೂ ಬೀಳಲ್ಲ. ವಾಂತಿ ಭೇದಿ ಆಗಲ್ಲ. ದೊಡ್ಡ ಸಂಖ್ಯೆಯ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕೊಲೆಸ್ಟ್ರಾಲ್ ಏರಿಕೆ, ಮಕ್ಕಳಲ್ಲಿ ಲಸಿಕೆಯ ಪರಿಣಾಮ ಕಡಿಮೆಯಾಗೋದು, ಹುಟ್ಟಿದ ಮಗುವಿನ ತೂಕ ತುಸು ಕಡಿಮೆಯಾಗೋದು, ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್ ಇವುಗಳ ಜೊತೆ ಪೀಫಾಸ್‌ಗೆ ನಂಟು ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರಲ್ಲಿ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ, ಪಿಎಫ್‌ಒಎಸ್ ಅನ್ನು ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಆದ್ರೆ ಇಂಥವರಿಗೆ ಬಂದ ಇಂಥ ಕಾಯಿಲೆ ಇದರಿಂದಲೇ ಬಂತು ಅಂತ ಒಬ್ಬೊಬ್ಬರ ಮಟ್ಟಿಗೆ ಸಾಬೀತು ಮಾಡೋದು ಬಹಳ ಕಷ್ಟ. ಈ ಕಷ್ಟವೇ ಪರಿಹಾರ ಕೇಳೋ ಜನರಿಗೆ ಎಲ್ಲ ದೇಶದಲ್ಲೂ ಅಡ್ಡ ಬಂದಿದೆ.

ಕಾಲಿಂಗೆಯ ಜನ ಆ ಅಡ್ಡಿ ದಾಟಿದ್ರು. ಕಾಯಿಲೆ ಬರಲಿ ಬಿಡಲಿ, ರಕ್ತದಲ್ಲಿ ಇಷ್ಟು ಹೆಚ್ಚು ಪೀಫಾಸ್ ಸೇರಿರೋದೇ ದೇಹಕ್ಕೆ ಆದ ಹಾನಿ ಅಂತ ಸ್ವೀಡನ್ನಿನ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 5ರಂದು ತೀರ್ಪು ಕೊಟ್ಟಿತು. ಆ ಕೇಸಿನಲ್ಲಿ ಕಟಕಟೆಯಲ್ಲಿ ನಿಂತದ್ದು ನೊರೆ ಸುರಿದ ವಾಯುಪಡೆ ಅಲ್ಲ, ನೀರು ಸರಬರಾಜು ಮಾಡಿದ ಪುರಸಭೆಯ ಕಂಪನಿ. ನೀರು ಕೊಟ್ಟವರು ನೀರಿಗೆ ಜವಾಬ್ದಾರರು ಅನ್ನೋದು ಅದರ ಸಾರ.

ಕುದಿಸಿದ್ರೆ ಹೋಗುತ್ತಾ?

ಹೋಗಲ್ಲ. ಕುದಿಸಿದ್ರೆ ನೀರು ಆವಿಯಾಗಿ ಕಡಿಮೆ ಆಗುತ್ತೆ, ಪೀಫಾಸ್ ಪಾತ್ರೆಯಲ್ಲೇ ಉಳಿಯುತ್ತೆ. ಬ್ಲೀಚಿಂಗ್ ಪೌಡರ್, ಸ್ಫಟಿಕ, ಯುವಿ ಲೈಟು, ಬಟ್ಟೆ ಸೋಸುವಿಕೆ, ಯಾವುದೂ ಇದಕ್ಕೆ ನಾಟಲ್ಲ. ಕೆಲಸ ಮಾಡೋದು ಮೂರು: ಸರಿಯಾದ ಸಮಯಕ್ಕೆ ಬದಲಾಯಿಸೋ ಆ್ಯಕ್ಟಿವೇಟೆಡ್ ಕಾರ್ಬನ್, ಅಯಾನು ವಿನಿಮಯದ ರಾಳ, ಮತ್ತು ಆರ್‌ಒ.

ಹಳ್ಳಿಹಳ್ಳಿಯಲ್ಲಿ ಕಾಯಿನ್ ಹಾಕಿ ನೀರು ಹಿಡಿಯೋ ಶುದ್ಧ ನೀರಿನ ಘಟಕಗಳಲ್ಲಿ ಇರೋದು ಇದೇ ಆರ್‌ಒ ತಂತ್ರ. ಆದ್ರೆ ಆರ್‌ಒ ಯಾವುದನ್ನೂ ನಾಶ ಮಾಡಲ್ಲ, ಬೇರ್ಪಡಿಸುತ್ತೆ ಅಷ್ಟೇ. ಕ್ಯಾನಿಗೆ ಬಂದ ನೀರಿನಲ್ಲಿ ಇಲ್ಲದ್ದು ಹೊರಗೆ ಬಿಡೋ ವೇಸ್ಟ್ ನೀರಿನಲ್ಲಿ ಇನ್ನೂ ದಟ್ಟವಾಗಿ ಇರುತ್ತೆ. ಆ ನೀರು ಮತ್ತೆ ಚರಂಡಿಗೆ, ಅಲ್ಲಿಂದ ಕೆರೆಗೆ. ಕಾರ್ಬನ್ನಿನ ಕಥೆಯೂ ಅದೇ. ತುಂಬಿದ ಕಾರ್ಬನ್ನನ್ನು ಬಹಳ ಹೆಚ್ಚು ಶಾಖದಲ್ಲಿ ಸುಡಬೇಕು, ಇಲ್ಲಾಂದ್ರೆ ಎಸೆದ ಜಾಗದಲ್ಲಿ ಮತ್ತೆ ಸೋರುತ್ತೆ.

ದುಡ್ಡಿನ ಲೆಕ್ಕ

ವಿಲಿಯಂಟೌನ್‌ನಲ್ಲಿ ಸರ್ಕಾರ ನಕ್ಷೆ ಬಿಡಿಸಿ ಗೆರೆ ಹಾಕಿತು. ಗೆರೆಯ ಒಳಗಿನ ಜಾಗವನ್ನು ಜನ 'ರೆಡ್ ಝೋನ್' ಅಂತ ಕರೆದ್ರು. ಗೆರೆಯೊಳಗಿನ ಮನೆ ಕೊಳ್ಳೋರು ಸಿಗಲಿಲ್ಲ. ಬ್ಯಾಂಕುಗಳು ಆ ಮನೆ ಅಡಮಾನಕ್ಕೆ ಸಾಲ ಕೊಡೋಕೆ ಹಿಂಜರೀತಿವೆ ಅಂತ ನಿವಾಸಿಗಳು ಸಂಸತ್ತಿನ ಸಮಿತಿ ಮುಂದೆ ದೂರಿದ್ರು. ಬಿಟ್ಟು ಹೋಗೋಣ ಅಂದ್ರೆ ಮಾರೋಕಾಗಲ್ಲ, ಇರೋಣ ಅಂದ್ರೆ ಹಿತ್ತಲ ಮೊಟ್ಟೆ ತಿನ್ನೋಕಾಗಲ್ಲ.

ಕೊನೆಗೆ ವಿಲಿಯಂಟೌನ್, ಓಕಿ, ಕ್ಯಾಥರಿನ್ ಎಂಬ ಮೂರು ಊರಿನವರು ಆಸ್ಟ್ರೇಲಿಯಾ ಸರ್ಕಾರದ ಮೇಲೆ ಕೇಸು ಹಾಕಿದ್ರು. ಮೂರೂ ಕಡೆ ಸೇನೆಯ ನೆಲೆಗಳಿವೆ. 2020ರಲ್ಲಿ 21.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿ ಆಯ್ತು. ಇದರಲ್ಲಿ ವಿಲಿಯಂಟೌನ್ ಪಾಲು 8.6 ಕೋಟಿ ಡಾಲರ್. 2023ರಲ್ಲಿ ಇನ್ನೂ ಏಳು ಊರುಗಳ ಸುಮಾರು 30,000 ಜನರ ಕೇಸು 13.27 ಕೋಟಿ ಡಾಲರಿಗೆ ಮುಗೀತು. ಮೊತ್ತ ದೊಡ್ಡದಾಗಿ ಕಾಣುತ್ತೆ. ಆದ್ರೆ ಮುಖ್ಯವಾಗಿ ಇದು ಜಮೀನಿನ ಬೆಲೆ ಬಿದ್ದದ್ದಕ್ಕೆ ಕೊಟ್ಟ ಪರಿಹಾರ. ಜೊತೆಗೆ ಮನೆಗಳಿಗೆ ನಗರದ ನೀರಿನ ಪೈಪ್ ಎಳೆದದ್ದು, ಕಾಕ್ರನ್ ಕೆರೆಯ ನೀರು ಶುದ್ಧ ಮಾಡೋಕೆ ಘಟಕ ಹಾಕಿದ್ದು, ಅದರ ಖರ್ಚು ಬೇರೆ.

ನೊರೆ ಹೊಡೆದಾಗ ಉಳಿಸಿದ್ದು ಒಂದು ಕಾಂಕ್ರೀಟ್ ತೊಟ್ಟಿಯ ಖರ್ಚು. ಆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟಿದ್ರೆ ಬಿಲ್ಲು ನಿಲ್ದಾಣದ ಕಾಂಪೌಂಡಿನೊಳಗೇ ಮುಗೀತಿತ್ತು. ಹಿಡಿಯದೆ ಬಿಟ್ಟಿದ್ದರಿಂದ ಮೀನುಗಾರ, ಕೋಳಿ ಸಾಕಿದವರು, ಮನೆ ಕಟ್ಟಿದವರು ಎಲ್ಲರೂ ಒಂದೊಂದು ಕಂತು ಕಟ್ಟಿದ್ರು.

ಬೇರೆ ನೊರೆ ಇಲ್ವಾ?

ಇದೆ. ಫ್ಲೋರಿನ್ ಇಲ್ಲದ ನೊರೆ ಮಾರುಕಟ್ಟೆಗೆ ಬಂದು ಬಹಳ ವರ್ಷ ಆಯ್ತು. ಡೆನ್ಮಾರ್ಕಿನ ಕೋಪನ್‌ಹೇಗನ್, ಲಂಡನ್ನಿನ ಹೀಥ್ರೂ ನಿಲ್ದಾಣಗಳು ಅದಕ್ಕೆ ಬದಲಾಗಿವೆ. ಆಸ್ಟ್ರೇಲಿಯಾದ ನಾಗರಿಕ ನಿಲ್ದಾಣಗಳ ಅಗ್ನಿಶಾಮಕ ಸೇವೆ 2010ರಿಂದಲೇ ಬದಲಾಯಿಸಲು ಶುರು ಮಾಡಿತು. ಅಮೆರಿಕ ಬಹಳ ಕಾಲ ಹಳೇ ಬಗೆಯ ನೊರೆಯೇ ಬೇಕು ಅಂತ ಪಟ್ಟು ಹಿಡಿದು, 2023ರಲ್ಲಿ ಹೊಸದಕ್ಕೆ ಒಪ್ಪಿತು. ಆದ್ರೆ ನೊರೆ ಬದಲಾಯಿಸಿದ್ರೆ ಸಾಲದು. ಹಳೇ ದ್ರವ ಇದ್ದ ಟ್ಯಾಂಕು, ಪೈಪಿನ ಗೋಡೆಗೂ ಪೀಫಾಸ್ ಅಂಟಿರುತ್ತೆ. ಚೆನ್ನಾಗಿ ತೊಳೀಬೇಕು, ತೊಳೆದ ನೀರನ್ನೂ ಹಿಡಿದಿಡಬೇಕು.

ಸ್ಟಾಕ್‌ಹೋಮ್ ಒಪ್ಪಂದ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ 2009ರಲ್ಲಿ ಪಿಎಫ್‌ಒಎಸ್ ಅನ್ನು, 2019ರಲ್ಲಿ ಪಿಎಫ್‌ಒಎಯನ್ನು ತನ್ನ ಪಟ್ಟಿಗೆ ಸೇರಿಸಿತು. ಭಾರತ 2006ರಿಂದ ಆ ಒಪ್ಪಂದದಲ್ಲಿ ಇದೆ. ಆದ್ರೆ ಕೇಂದ್ರ ಸರ್ಕಾರ 2018ರಲ್ಲಿ ಏಳು ದೀರ್ಘಕಾಲಿಕ ರಾಸಾಯನಿಕಗಳನ್ನು ನಿಷೇಧಿಸಿ ತಂದ ನಿಯಮದಲ್ಲಿ ಈ ಎರಡರ ಹೆಸರಿಲ್ಲ. ಕುಡಿಯೋ ನೀರಿಗೆ ಇರೋ 2012ರ ಐಎಸ್ 10500 ಮಾನದಂಡದಲ್ಲೂ ಪೀಫಾಸ್‌ಗೆ ಮಿತಿ ಹಾಕಿಲ್ಲ. ಮಿತಿ ಇಲ್ಲದ ಕಡೆ ಅಧಿಕಾರಿಗಳು ಪರೀಕ್ಷೆ ಮಾಡಿಸೋ ರೂಢಿಯೂ ಬೆಳೆಯಲ್ಲ.

ಊರಿನವರು ಕೇಳಬಹುದಾದ್ದು ಏನು?

ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. ವಿಜಯಪುರ, ರಾಯಚೂರು, ಹಾಸನದಲ್ಲೂ ನಿಲ್ದಾಣದ ಮಾತು, ಕೆಲಸ ವರ್ಷಗಳಿಂದ ನಡೆದಿದೆ. ಹೊಸ ನಿಲ್ದಾಣಕ್ಕೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಅನುಮತಿ ಬೇಕು. ಅದರ ಭಾಗವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸೋ ಸಾರ್ವಜನಿಕ ಅಹವಾಲು ಸಭೆ ಇರುತ್ತೆ. ಅಲ್ಲಿ ಯಾರು ಬೇಕಾದ್ರೂ ಎದ್ದು ಕೇಳಬಹುದು, ಕೇಳಿದ್ದು ದಾಖಲಾಗುತ್ತೆ. ಸಾಮಾನ್ಯವಾಗಿ ಕೇಳೋದು ಪರಿಹಾರ, ಕೆಲಸ, ರಸ್ತೆ. ಅದರ ಜೊತೆಗೆ ಈ ನಾಲ್ಕನ್ನೂ ಕೇಳಬಹುದು.

ಒಂದು, ಅಗ್ನಿಶಾಮಕಕ್ಕೆ ಯಾವ ನೊರೆ ಬಳಸ್ತೀರಿ, ಅದರಲ್ಲಿ ಫ್ಲೋರಿನ್ ಇದೆಯಾ? ಕ್ಯಾನಿನ ಜೊತೆ ಬರೋ ಸುರಕ್ಷತಾ ಹಾಳೆಯಲ್ಲಿ ಇದು ಗೊತ್ತಾಗಬೇಕು. ಎರಡು, ತರಬೇತಿ ಎಲ್ಲಿ ಮಾಡ್ತೀರಿ, ಆ ಜಾಗದ ತಳಕ್ಕೆ ಕಾಂಕ್ರೀಟ್ ಇದೆಯಾ, ನೀರು ಹಿಡಿಯೋ ತೊಟ್ಟಿ ಇದೆಯಾ? ಮೂರು, ರನ್‌ವೇಯ ಮಳೆನೀರು ಯಾವ ಹಳ್ಳಕ್ಕೆ, ಯಾವ ಕೆರೆಗೆ ಹೋಗುತ್ತೆ? ನಾಲ್ಕು, ಆ ಕೆರೆಯ ನೀರು ಮತ್ತು ಮೀನನ್ನು ನಿಲ್ದಾಣ ಶುರುವಾಗೋ ಮೊದಲು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ತೀರಾ? ಮೊದಲಿನ ಲೆಕ್ಕ ಇಲ್ಲದಿದ್ರೆ ಮುಂದೆ ಬಂದದ್ದು ಯಾರಿಂದ ಬಂತು ಅಂತ ಹೇಳೋಕಾಗಲ್ಲ.

ಈಗಾಗಲೇ ನಡೀತಿರೋ ನಿಲ್ದಾಣದ ಬಗ್ಗೆ ಆದ್ರೆ, ಏರ್‌ಪೋರ್ಟ್ ಅಥಾರಿಟಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ಇವನ್ನೇ ಕೇಳಬಹುದು.

ವಿಲಿಯಂಟೌನ್‌ನವರಿಗೆ ಮೂರನೇ ಪ್ರಶ್ನೆಯ ಉತ್ತರ ಮೊದಲಿನಿಂದಲೂ ಗೊತ್ತಿತ್ತು. ಡಾಸನ್ಸ್, ಮೂರ್ಸ್ ಕಾಲುವೆಗಳು ಅವರ ಹೊಲದ ಪಕ್ಕದಲ್ಲೇ ಹರೀತಿದ್ದವು. ಮೊದಲೆರಡನ್ನು ಕೇಳಬೇಕು ಅಂತ ಗೊತ್ತಾಗೋ ಹೊತ್ತಿಗೆ ಬಲೆ ದಡಕ್ಕೆ ಬಂದಿತ್ತು.